ಉರಿಯದ ಬಾಗಿಲು

ಕೋರಮಂಗಲದ ನಮ್ಮ ಪುಟ್ಟ ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಶನಿವಾರ ಬಂತೆಂದರೆ ಆಟದ ಟೆಸ್ಟಿಂಗ್. ಮೊನ್ನೆ ಸಹೋದ್ಯೋಗಿಯ ಮಗ, ಹತ್ತು ವರ್ಷದವನು, ಆಟದೊಳಗೆ ಪಂಜು ಹಿಡಿದು ಮರದ ಬಾಗಿಲ ಮುಂದೆ ನಿಂತುಬಿಟ್ಟ. ತಾಗಿಸಿದ, ಬಡಿದ. ಜಪ್ಪಯ್ಯ ಅಂದರೂ ಬಾಗಿಲು ಹೊತ್ತಿಕೊಳ್ಳಲಿಲ್ಲ.

"ಅಂಕಲ್, ಮರದ್ದೇ ಅಲ್ವಾ, ಯಾಕೆ ಉರೀತಿಲ್ಲ?"

"ಅದಕ್ಕೆ ಬೀಗದ ಕೈ ಬೇಕು ಕಣೋ" ಅಂದೆ. ಆಟದ ಹಂತಗಳನ್ನು ಕಟ್ಟುವ ಲೆವೆಲ್ ಡಿಸೈನರ್ ಬಾಯಲ್ಲಿ ಬರಬಾರದ ಉತ್ತರ.

ಈ ತಕರಾರು ಹಳೇದು. 'ದಿ ಲೆಜೆಂಡ್ ಆಫ್ ಝೆಲ್ಡಾ' ವಿಡಿಯೋ ಗೇಮ್ ಸರಣಿಯಲ್ಲಿ ಬರೀ ಬೆಂಕಿಯ ಹಿಂದೆ ಹೋದರೂ ಸಾಕು, ಇದು ಸಿಗುತ್ತದೆ.

1986ರ ಮೊದಲ ಆಟದಲ್ಲಿ ಮೇಣದಬತ್ತಿ ಇತ್ತು. ಪೊದೆ ಸುಟ್ಟರೆ ಕೆಳಗೆ ಮೆಟ್ಟಿಲು ಸಿಗಬಹುದು. ಯಾವ ಪೊದೆ? ಗುರುತೇನೂ ಇಲ್ಲ. ನೀಲಿ ಮೇಣದಬತ್ತಿ ಒಂದು ಪರದೆಗೆ ಒಂದೇ ಸಲ. ಆಚೆ ಹೋಗಿ ಮತ್ತೆ ಬಂದು ಇನ್ನೊಂದು ಪೊದೆ ಸುಡಬೇಕು. ಇದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಚಿಕ್ಕಂದಿನಲ್ಲಿ ಗುಡ್ಡ, ಗುಹೆ ಅಲೆದ ನೆನಪಿನಿಂದ ಹುಟ್ಟಿದ ಆಟ ಇದು. ಅಲೆದಾಟ ಸರಿ, ಸುಮ್ನೆ ಪೊದೆ ಸುಡುತ್ತಾ ಕೂರುವುದು ನನಗಂತೂ ಕಿರಿಕಿರಿ.

1991ರ 'ಎ ಲಿಂಕ್ ಟು ದಿ ಪಾಸ್ಟ್' ಹೊತ್ತಿಗೆ ಲೆಕ್ಕ ಅಚ್ಚುಕಟ್ಟಾಯಿತು. ಒಂದು ಡಂಜನ್ (ಒಗಟು, ಶತ್ರುಗಳು ತುಂಬಿದ ಜಾಗ), ಒಳಗೊಂದು ಹೊಸ ಸಾಮಾನು, ಮುಂದಿನ ದಾರಿಗೆ ಅದೇ ಬೀಗದ ಕೈ. 1998ರ 'ಆಕರಿನಾ ಆಫ್ ಟೈಮ್' ಇದನ್ನೇ ತ್ರೀಡಿಗೆ ತಂದಿತು. ಅಲ್ಲಿನ ಮೊದಲ ಡಂಜನ್ ಒಂದು ದೈತ್ಯ ಮರದ ಹೊಟ್ಟೆ. ಕೋಲಿಗೆ ಬೆಂಕಿ ಹೊತ್ತಿಸಿಕೊಂಡು ಓಡಿ, ಅದು ಉರಿದು ಮುಗಿಯುವಷ್ಟರಲ್ಲಿ ದಾರಿಗಡ್ಡವಿರುವ ಜೇಡರ ಬಲೆ ಸುಡಬೇಕು. ಅದರ ಮಜಾನೇ ಬೇರೆ. ಆದರೆ ನೋಡಿ, ಸುತ್ತಲೂ ಇರುವುದೆಲ್ಲ ಮರ, ಉರಿಯುವುದು ಬಲೆ. ಡಿಸೈನರ್ ಹೂಂ ಅಂದಲ್ಲಿ ಮಾತ್ರ ಬೆಂಕಿ.

2017ರ 'ಬ್ರೆತ್ ಆಫ್ ದಿ ವೈಲ್ಡ್' ಈ ಅಪ್ಪಣೆ ಕೇಳುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ತಂಡ ಮೊದಲು 1986ರ ಆಟದ ಚಹರೆಯಲ್ಲೇ ಟೂಡಿ ಮಾದರಿ ಮಾಡಿಕೊಂಡು, ಮರಕ್ಕೆ ಬೆಂಕಿ ಹಚ್ಚುವುದು, ದಿಮ್ಮಿ ತೇಲಿಸುವುದು ಎಲ್ಲ ಆಡಿ ನೋಡಿತ್ತು. ಇಲ್ಲಿ ಗುಣ ಇರುವುದು ವಸ್ತುವಿಗೆ. ಹುಲ್ಲಿಗೆ ಬೆಂಕಿ ಇಟ್ಟರೆ ಬಿಸಿಗಾಳಿ ಏಳುತ್ತದೆ. ಪ್ಯಾರಾಗ್ಲೈಡರ್ ಬಿಚ್ಚಿ ಮೇಲೇರಬಹುದು. ಮಳೆ ಬಂದರೆ ಬೆಂಕಿ ಆರುತ್ತದೆ, ಹತ್ತುತ್ತಿದ್ದ ಬಂಡೆ ಜಾರುತ್ತದೆ. ಸಿಡಿಲಿನ ಮಳೆಯಲ್ಲಿ ಲೋಹದ ಕತ್ತಿ ಕಟ್ಟಿಕೊಂಡು ನಿಂತರೆ ಸಿಡಿಲು ನಿಮಗೇ. ಇದನ್ನೆಲ್ಲ ಹತ್ತು ವರ್ಷದ ಹುಡುಗನಿಗೆ ಹೇಳಿಕೊಡಬೇಕಿಲ್ಲ.

ಕಳೆದುಕೊಂಡದ್ದೂ ಇದೆ. ಆ ಆಟದ 120 ಪುಟ್ಟ ಗುಡಿಗಳು ಒಳಗಿಂದ ಎಲ್ಲ ಒಂದೇ ಥರ. ಮರದ ಹೊಟ್ಟೆಯಂಥ ಡಂಜನ್ ನನಗೆ ಈಗಲೂ ಬೇಕು.

ಸೋಮವಾರ ನಮ್ಮ ಬಾಗಿಲು ಉರಿಯುವ ಹಾಗೆ ಮಾಡಿದೆವು. ಎರಡು ಲೆವೆಲ್ ಪೂರ್ತಿ ದಂಡ ಆಯಿತು. ಬೀಗದ ಕೈ ಹುಡುಕಲೆಂದೇ ಕಟ್ಟಿದ್ದವು ಅವು. ಅವನ್ನು ಮತ್ತೆ ಕಟ್ಟುವಷ್ಟು ಜನ ನಮ್ಮಲ್ಲಿಲ್ಲ. ಬುಧವಾರ ಬಾಗಿಲನ್ನು ಕಬ್ಬಿಣದ್ದು ಮಾಡಿದೆವು.

ಶನಿವಾರ ಹುಡುಗ ಬಂದ. ಬಾಗಿಲು ನೋಡಿದ, ಪಂಜು ಒಳಗಿಟ್ಟ, ಪಕ್ಕದ ಗೋಡೆ ಹತ್ತೋಕೆ ಶುರು ಮಾಡಿದ.