ಪ್ರಿಂಟ್ ಮಾಡಿದ ಸೆಲ್‌ನಲ್ಲಿ ಪ್ರೋಟೀನ್ ತಿರುಗಿಸುವ ಮುನ್ನ

ಬೆಂಗಳೂರಿನಲ್ಲಿ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್ ಕಲಿಯುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ತತ್ವ ನಿಮಗೆ ಗೊತ್ತೇ ಇದೆ. ದ್ರಾವಣವನ್ನು ಜೋರಾಗಿ ತಿರುಗಿಸುತ್ತೇವೆ, ಪ್ರೋಟೀನ್ ತಳಕ್ಕೆ ಸರಿಯುವುದನ್ನು ಬೆಳಕು ಹಾಯಿಸಿ ನೋಡುತ್ತೇವೆ. ನಾನು ಹೇಳಹೊರಟಿರುವುದು ದ್ರಾವಣ ತುಂಬುವ ಸೆಲ್ ಬಗ್ಗೆ, ಅದರಲ್ಲೂ ಅದರ ಸೆಂಟರ್‌ಪೀಸನ್ನು 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳುವ ಬಗ್ಗೆ.

ಸೆಲ್‌ನೊಳಗೆ ಕೂರುವ ಬಿಲ್ಲೆಯೇ ಸೆಂಟರ್‌ಪೀಸ್. ಸಾಮಾನ್ಯವಾಗಿ 12 ಮಿ.ಮೀ. ದಪ್ಪ, ಎಪಾಕ್ಸಿ ಅಥವಾ ಅಲ್ಯೂಮಿನಿಯಂ. ಅದರಲ್ಲಿ ಎರಡು ಕಿಂಡಿ: ಒಂದಕ್ಕೆ ಸ್ಯಾಂಪಲ್, ಇನ್ನೊಂದಕ್ಕೆ ಬರೀ ಬಫರ್, ಅಂದರೆ ಪ್ರೋಟೀನ್ ಕರಗಿಸುವ ಉಪ್ಪು ದ್ರಾವಣ. ಎರಡೂ ಬದಿಗೆ ಕ್ವಾರ್ಟ್ಜ್ ಅಥವಾ ಸಫೈರ್ ವಿಂಡೋ.

ಕಿಂಡಿಯ ಗೋಡೆಗಳನ್ನು ಗಮನಿಸಿ. ಹೊರಗೆ ಹೋದಂತೆ ಅವು ಅಗಲವಾಗುತ್ತವೆ. ಕಾರಣ ಇದೆ. ಕಣಗಳು ರೋಟರ್‌ನ (ಸೆಲ್ ಹೊತ್ತು ತಿರುಗುವ ಭಾಗದ) ಅಕ್ಷದಿಂದ ಹೊರಕ್ಕೆ ಕಿರಣಗಳ ಹಾಗೆ ಸಾಗುತ್ತವೆ. ಗೋಡೆಗಳು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಕಣಗಳು ಅವಕ್ಕೆ ತಾಗಿ ಅಲ್ಲೇ ಒಟ್ಟಾಗುತ್ತವೆ. ಆ ಜಾಗ ಭಾರವಾಗಿ ಗೋಡೆಗುಂಟ ಜಾರುತ್ತದೆ, ದ್ರವವೆಲ್ಲ ಕದಡುತ್ತದೆ. ಆಮೇಲೆ ಬರುವ ಡೇಟಾ ನಂಬುವಂತಿಲ್ಲ. ಹಾಗಾಗಿ ಡ್ರಾಯಿಂಗ್‌ನಲ್ಲಿ ಗೋಡೆಗಳ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿ. ಸೆಲ್‌ನ ನಡುವಿನಿಂದ 65 ಮಿ.ಮೀ. ದೂರದಲ್ಲಿ, ಅಕ್ಷದ ಮೇಲೆಯೇ ಅವು ಸೇರಬೇಕು.

ಪೀಣ್ಯದಲ್ಲಿ ಲೋಹದಲ್ಲೇ ಮಾಡಿಸಬಹುದಲ್ವಾ ಅಂತ ಕೇಳುತ್ತೀರಿ. ಖಂಡಿತ ಮಾಡಿಸಬಹುದು. ಆದರೆ ಕಿಂಡಿಯ ಉದ್ದ, ಆಳ ಬದಲಿಸಿ ಬದಲಿಸಿ ನೋಡಬೇಕೆಂದರೆ ಪ್ರಿಂಟಿಂಗ್ ಎಷ್ಟೋ ಸಲೀಸು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಸಂಶೋಧಕರು ಈ ದಾರಿ ಪರೀಕ್ಷಿಸಿ ಪ್ರಕಟಿಸಿದರು.

ಬಲದ ಲೆಕ್ಕ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮಿಷಕ್ಕೆ 50,000 ಸುತ್ತಿನಲ್ಲಿ ಕಿಂಡಿಯ ತಳದ (ಅಕ್ಷದಿಂದ ದೂರದ ತುದಿಯ) 1 ಗ್ರಾಂ ಸುಮಾರು 200 ಕೆಜಿ ತೂಗುತ್ತದೆ, ಅಂದರೆ ನಾಲ್ಕು ದೊಡ್ಡ ಅಕ್ಕಿ ಮೂಟೆ! 12 ಮಿ.ಮೀ. ಎತ್ತರದ ನೀರು ತಳದಲ್ಲಿ 200 ವಾತಾವರಣಕ್ಕೂ ಜಾಸ್ತಿ ಒತ್ತಡ ಹಾಕುತ್ತದೆ. ವಿಂಡೋ ಕೂರುವ ಮೇಲ್ಮೈಯಲ್ಲಿ ಪ್ರಿಂಟಿನ ಪದರದ ಗೆರೆ ಉಳಿದರೂ ಸಾಕು, ಅಲ್ಲಿಂದ ಸೋರುತ್ತದೆ. ಸಮತಟ್ಟಾದ ಗಾಜಿನ ಮೇಲೆ ನಯವಾದ ಮರಳು ಕಾಗದ ಇಟ್ಟು, ನೀರು ಹಾಕಿ, ನಿಧಾನವಾಗಿ ಉಜ್ಜಿ. ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು.

ಪ್ರಿಂಟ್ ಮಾಡುವ ದ್ರವ, ಅಂದರೆ ರೆಸಿನ್, ಪೂರ್ತಿ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಅದರ ಅಂಶ ಬಫರ್‌ಗೆ ಇಳಿದು, ಪ್ರೋಟೀನ್ ನೋಡುವ 280 ನ್ಯಾನೋಮೀಟರ್‌ನಲ್ಲೇ ಬೆಳಕು ಹೀರಬಹುದು. ತುಂಡೊಂದನ್ನು ರಾತ್ರಿಯಿಡೀ ಬಫರ್‌ನಲ್ಲಿ ನೆನೆಸಿ, ಬೆಳಿಗ್ಗೆ ಆ ಬಫರ್ ಅಳೆಯಿರಿ.

ಮೊದಲು ಬರೀ ನೀರು ತುಂಬಿ, ವೇಗವನ್ನು ಹಂತ ಹಂತವಾಗಿ ಏರಿಸಿ. ಓಟದ ಮೊದಲು, ಆಮೇಲೆ ಸೆಲ್ ತೂಗಿ. ತೂಕ ಇಳಿಯದಿದ್ದರೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಹಾಕಿ. ಅದೇ ರೋಟರ್‌ನಲ್ಲಿ, ಅದೇ ಓಟದಲ್ಲಿ, ಮಾಮೂಲಿ ಸೆಂಟರ್‌ಪೀಸ್ ಇರುವ ಸೆಲ್‌ನಲ್ಲೂ ಅದೇ ಬಿಎಸ್‌ಎ ಇರಲಿ. ಎರಡರ ಸೆಡಿಮೆಂಟೇಶನ್ ಬೆಲೆಯೂ (ಪ್ರೋಟೀನ್ ಎಷ್ಟು ಬೇಗ ತಳಕ್ಕೆ ಸರಿಯುತ್ತದೆ ಎಂಬ ಅಳತೆ) ಹೊಂದಿದ ಮೇಲೆಯೇ ನಿಮ್ಮ ಅಮೂಲ್ಯ ಸ್ಯಾಂಪಲ್ ಹೊರತೆಗೆಯಿರಿ.