ಒಂದೇ ತಾರೀಕಿನ ಎರಡು ಬ್ಯಾಗು

ದಾನದ ರಕ್ತವನ್ನು ಇಟ್ಟುಕೊಳ್ಳಲು ಗಡುವಿದೆ: ಹೆಪ್ಪುಗಟ್ಟದಂತೆ ಕಾಯುವ ಸಿಪಿಡಿಎ-1 ದ್ರಾವಣದ ಬ್ಯಾಗಿನ ರಕ್ತಕ್ಕೆ 35 ದಿನ, ಕಣಗಳನ್ನು ಪೋಷಿಸುವ ಎಸ್‌ಎಜಿಎಂ ದ್ರಾವಣ ಸೇರಿಸಿದ ಕೆಂಪುಕಣಗಳಿಗೆ 42 ದಿನ. ಈ ಗಡುವು ದ್ರಾವಣದ ಲೆಕ್ಕದ್ದು, ದಾನಿಯದ್ದಲ್ಲ. ಒಂದೇ ದಿನ ಸಂಗ್ರಹಿಸಿ ಒಂದೇ ಫ್ರಿಜ್‌ನಲ್ಲಿ 2ರಿಂದ 6 ಡಿಗ್ರಿಯಲ್ಲಿಟ್ಟ ಎರಡು ಬ್ಯಾಗುಗಳಲ್ಲಿ ಒಂದರ ಕಣಗಳು ಕೊನೆಯವರೆಗೂ ಗಟ್ಟಿಯಾಗಿದ್ದರೆ, ಇನ್ನೊಂದರ ಮೇಲಿನ ದ್ರವ ಬೇಗನೆ ಕೆಂಪೇರುತ್ತದೆ. ಕಣ ಒಡೆದು ಹಿಮೋಗ್ಲೋಬಿನ್ ಹೊರಬಿದ್ದ ಗುರುತು ಅದು. ಹೀಗೆ ಕಣ ಒಡೆಯುವ ಪ್ರಮಾಣಕ್ಕೆ ಯುರೋಪಿನ ಮಿತಿ ಶೇ 0.8, ಅಮೆರಿಕದ್ದು ಶೇ 1. ಅದೇ ದಾನಿ ಮುಂದಿನ ಸಲ ಕೊಟ್ಟ ರಕ್ತವೂ ಹೆಚ್ಚುಕಮ್ಮಿ ಹಾಗೆಯೇ ವರ್ತಿಸುವುದುಂಟು. ಎಲ್ಲಕ್ಕೂ ಫ್ರಿಜ್ಜನ್ನೇ ದೂರಿ ಫಲವಿಲ್ಲ, ದಾನಿಯ ರಕ್ತದ ಗುಣವೂ ಕಾರಣ.

ಸರಾಸರಿಯಲ್ಲಿ ಗಂಡಸರ ಕಣಗಳು ಹೆಚ್ಚು ಒಡೆಯುತ್ತವೆ. ಟೆಸ್ಟೋಸ್ಟೆರಾನ್‌ಗೂ ಅದರಲ್ಲಿ ಪಾತ್ರವಿದೆ. ನಮ್ಮ ಶಿಬಿರಗಳಿಗೆ ಬರುವವರು ಬಹುಪಾಲು ಗಂಡಸರೇ, ಹಾಗಾಗಿ ಆಯ್ಕೆಯ ಮಾತಿಲ್ಲ.

ಕೆಂಪುಕಣವನ್ನು ಆಕ್ಸಿಡೀಕರಣದಿಂದ ಕಾಯಲು ನೆರವಾಗುವ ಜಿ6ಪಿಡಿ ಕಿಣ್ವದ ಕೊರತೆ ಸೂಕ್ಷ್ಮ ಸಂಗತಿ. ದಾನಿ ಆರೋಗ್ಯವಾಗಿರುತ್ತಾನೆ, ಹಿಮೋಗ್ಲೋಬಿನ್ 12.5 ಗ್ರಾಂ ದಾಟಿರುತ್ತದೆ, ನಮ್ಮ ಮಾಮೂಲಿ ತಪಾಸಣೆಯಲ್ಲಿ ಏನೂ ಸಿಗುವುದಿಲ್ಲ. ಆದರೆ ಈ ಕಿಣ್ವ ಕಡಿಮೆಯಾದರೆ ಕಣದೊಳಗೆ ಗ್ಲುಟಥಯೋನ್ ಎಂಬ ರಕ್ಷಕ ವಸ್ತು ಮರಳಿ ಸಿದ್ಧವಾಗುವುದು ಕುಂಠಿತವಾಗುತ್ತದೆ. ಶೇಖರಣೆಯಲ್ಲಿ ಹುಟ್ಟುವ ಆಕ್ಸಿಡೀಕರಣದ ಏಟನ್ನು ಕಣದ ಪೊರೆ ತಾಳದು. ರೋಗಿಗೆ ಹಾಕಿದ 24 ಗಂಟೆಯ ನಂತರ ರಕ್ತನಾಳದಲ್ಲಿ ಉಳಿಯುವ ಕಣಗಳೂ ಕಡಿಮೆ. ದೊಡ್ಡವರಿಗೆ ಒಂದು ಯೂನಿಟ್‌ನಲ್ಲಿ ಇದು ಸಾಮಾನ್ಯವಾಗಿ ಗೊತ್ತೇ ಆಗದು. ನವಜಾತ ಶಿಶುವಿನ ರಕ್ತ ಬದಲಾವಣೆಗೆ ಅಂಥ ಬ್ಯಾಗು ಹೋದರೆ ಇಳಿಯಬೇಕಾದ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ವಸ್ತು, ಏರಬಹುದು.

ಕೆಂಪುಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗದ ಗುಣವನ್ನು ಹೊತ್ತ ವಾಹಕರದ್ದು ಬೇರೆ ಕಥೆ. ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಈ ಗುಣವಿದೆ. ಬಿಳಿಕಣ ತೆಗೆಯುವ ಫಿಲ್ಟರ್‌ನಲ್ಲಿ ಇವರ ರಕ್ತ ಅರ್ಧಕ್ಕೇ ಕಟ್ಟಿಕೊಳ್ಳಬಹುದು. ಇಲ್ಲವೇ ಪೂರ್ತಿ ಇಳಿದರೂ ಬಿಳಿಕಣ ಬೇಕಾದಷ್ಟು ಕಡಿಮೆಯಾಗಿರದು. ಸಿರೆಯ ರಕ್ತದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಇವರ ಕಣದಲ್ಲಿರುವ ಎಸ್ ಎಂಬ ಬಗೆಯ ಹಿಮೋಗ್ಲೋಬಿನ್ ಗಟ್ಟಿಗೊಂಡು ಕಣ ಬಿರುಸಾಗುತ್ತದೆ. ಫಿಲ್ಟರ್ ಕಟ್ಟಿದಾಗ ಬ್ಯಾಗ್ ಹಿಂಡಬೇಡಿ. ಸಿಕಲ್ ಪರೀಕ್ಷೆ ಮಾಡಿಸಿ.

ಕೆಲವು ತೊಂದರೆಗಳನ್ನು ಮಾತ್ರ ಪ್ರಶ್ನೆ ಕೇಳಿಯೇ ತಪ್ಪಿಸಬಹುದು. ಭರ್ಜರಿ ಬಿರಿಯಾನಿ ಉಂಡು ಬಂದವರ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿರುತ್ತದೆ: ಬಣ್ಣ ಅಳೆದು ಮಾಡುವ ಪರೀಕ್ಷೆ ದಾರಿ ತಪ್ಪುತ್ತದೆ, ಪ್ಲಾಸ್ಮಾ ವ್ಯರ್ಥ. ಹಾಗೆಂದು ಉಪವಾಸವೂ ಬೇಡ, ಎರಡು ಇಡ್ಲಿ ಸಾಕು. ಮೂರು ದಿನದೊಳಗೆ ಆಸ್ಪಿರಿನ್ ನುಂಗಿದವರ ಕೆಂಪುಕಣ ತೆಗೆದುಕೊಳ್ಳಬಹುದು, ಪ್ಲೇಟ್ಲೆಟ್ ಬೇಡ. ಸಣ್ಣ ಸಿರೆಯಿಂದ ತೊಟ್ಟಿಕ್ಕುತ್ತಾ 350 ಮಿ.ಲೀ. ತುಂಬದಿದ್ದರೆ, ಅದಕ್ಕೆಂದೇ ಇರುವ 49 ಮಿ.ಲೀ. ಹೆಪ್ಪುತಡೆ ಸಿಟ್ರೇಟ್ ದ್ರಾವಣ ಆ ರಕ್ತಕ್ಕೆ ಅತಿಯಾಗುತ್ತದೆ.

ಬ್ಯಾಗ್ ಕೊಡುವ ಮುನ್ನ ಅಲುಗಿಸದೆ ಬೆಳಕಿಗೆ ಹಿಡಿದು, ಕಣ ಮತ್ತು ದ್ರವ ಸೇರುವ ಗೆರೆ ನೋಡಿ. ಅನುಮಾನವಿದ್ದರೆ ಬ್ಯಾಗಿಗೆ ಅಂಟಿದ ಟ್ಯೂಬಿನ ಒಂದು ತುಂಡು ಕತ್ತರಿಸಿ, ಕಣ ಮತ್ತು ದ್ರವ ಬೇರೆಯಾಗಲು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ. ತುಂಡಿನ ದ್ರವ ತಿಳಿಯಾಗಿದ್ದು ಬ್ಯಾಗಿನದು ಮಾತ್ರ ಕೆಂಪಾಗಿದ್ದರೂ ಬ್ಯಾಗು ಹೊರಗೆ ಹೋಗಬಾರದು. ಕಾರಣ ದಾನಿಯಲ್ಲಿಲ್ಲ, ಬ್ಯಾಗನ್ನು ನಡೆಸಿಕೊಂಡ ರೀತಿಯಲ್ಲಿದೆ ಅಥವಾ ಬ್ಯಾಕ್ಟೀರಿಯಾ ಸೇರಿದೆ.