ಅಂತಾರಾಷ್ಟ್ರೀಯ ಒಪ್ಪಂದ ಓದಿದ್ದೀರಿ, ಸರಿ. ಅದು ಜಾರಿಯಲ್ಲಿದೆಯಾ?

ಹಡಗು ವ್ಯಾಜ್ಯಗಳ ವಕಾಲತ್ತಿನ ಜೊತೆಗೆ, ಅಂತಾರಾಷ್ಟ್ರೀಯ ಕಡಲ ಕಾನೂನು ಮತ್ತು ನೀತಿಯಲ್ಲಿ ಎಲ್‌ಎಲ್‌ಎಂ ಮಾಡುವವರ ಪ್ರಬಂಧಗಳನ್ನೂ ನೋಡಿಕೊಡುತ್ತೇನೆ. ಜಾಣ ಮಕ್ಕಳು, ಕಷ್ಟಪಟ್ಟು ಓದುತ್ತಾರೆ. ಆದರೂ ಪ್ರತಿ ವರ್ಷ ಅದೇ ತಪ್ಪು. ಒಪ್ಪಂದದಲ್ಲಿ ಅಚ್ಚಾಗಿದ್ದೆಲ್ಲ ಕಾನೂನು ಅಂದುಕೊಂಡುಬಿಡುತ್ತಾರೆ.

ಮೊನ್ನೆ ಒಬ್ಬ ಹುಡುಗಿಯ ಕರಡು ಬಂತು. ಹಡಗಿನಲ್ಲಿ ಸಾಗಿಸುವಾಗ 200 ಕೆಜಿ ತೂಕದ ಪಂಪ್ ಒಡೆದಿದೆ. ಸಾಗಣೆದಾರನ ಹೊಣೆ ಎಷ್ಟರವರೆಗೆ? 875 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ) ಎಂದು ಬರೆದಿದ್ದಳು. ಲೆಕ್ಕವೇನೋ ಸರಿ. ಹಡಗಿನ ಸರಕು ಸಾಗಣೆಗೆಂದು ಮಾಡಿದ ರಾಟರ್‌ಡ್ಯಾಮ್ ನಿಯಮಗಳ ಪ್ರಕಾರ ಪ್ಯಾಕೇಜಿಗೆ 875, ಇಲ್ಲವೇ ಕೆಜಿಗೆ 3, ಯಾವುದು ಜಾಸ್ತಿಯೋ ಅದು. ಆದರೆ 2008ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಆ ನಿಯಮಗಳು ಇನ್ನೂ ಜಾರಿಗೇ ಬಂದಿಲ್ಲ! 20 ದೇಶಗಳು ಅನುಮೋದಿಸಬೇಕು, ಆಮೇಲೂ ಒಂದು ವರ್ಷ ಕಾಯಬೇಕು. ಅವಳು ಆಧಾರವಾಗಿಟ್ಟುಕೊಂಡಿದ್ದ ಬಿಲ್ ಆಫ್ ಲೇಡಿಂಗ್ (ಸರಕು ಸಾಗಣೆ ಪತ್ರ) ತಿರುಗಿಸಿ ನೋಡಿದೆವು. ಹಿಂಬದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಯಾವ ನಿಯಮ ಅನ್ವಯ ಎಂದು ಹೇಳುವ ಪ್ಯಾರಾಮೌಂಟ್ ಕ್ಲಾಸ್ ಇತ್ತು. ಹೇಗ್-ವಿಸ್ಬಿ, ಅದಕ್ಕಿಂತ ಹಳೆಯ ಸಾಗಣೆ ನಿಯಮಗಳು. ಅಂದರೆ 666.67 ಎಸ್‌ಡಿಆರ್. ಹ್ಯಾಂಬರ್ಗ್ ನಿಯಮಗಳಾಗಿದ್ದರೆ 835. ಪಂಪ್ ಮಾತ್ರ ಅದೇ.

ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಸಮ್ಮೇಳನದಲ್ಲಿ ಅಂಗೀಕಾರ ಆಗುವುದು ಒಂದು ಹಂತ. ಸಹಿ ಇನ್ನೊಂದು. ಅನುಮೋದನೆ ಮತ್ತೊಂದು. ಜಾರಿಗೆ ಬರುವುದು ಬೇರೆಯೇ. ಜಾರಿಗೆ ಬಂದ ಮೇಲೂ ನಿಮ್ಮ ಪ್ರಕರಣದ ದೇಶ ಅದಕ್ಕೆ ಸೇರಿದೆಯಾ ಅಂತ ನೋಡಬೇಕು. ಹಡಗು ಒಡೆಯುವ ಕೆಲಸದ ಬಗೆಗಿನ ಹಾಂಗ್‌ಕಾಂಗ್ ಒಪ್ಪಂದ ಅಂಗೀಕಾರವಾದದ್ದು 2009ರಲ್ಲಿ, ಜಾರಿಯಾದದ್ದು 2025ರ ಜೂನ್ 26ಕ್ಕೆ. 15 ದೇಶಗಳು ಸೇರಿದರಷ್ಟೇ ಸಾಲದು, ಜಗತ್ತಿನ ವ್ಯಾಪಾರಿ ಹಡಗುಗಳ ಟನ್ನೇಜಿನಲ್ಲಿ ಶೇ. 40 ಅವರ ಬಳಿ ಇರಬೇಕು ಎಂಬ ಷರತ್ತಿತ್ತು. ಹಡಗು ಒಡೆಯುವ ಸಾಮರ್ಥ್ಯದ್ದೂ ಒಂದು ಷರತ್ತು. 2023ರಲ್ಲಿ ಬಾಂಗ್ಲಾದೇಶ, ಲೈಬೀರಿಯಾ ಸೇರಿದ ಮೇಲೆಯೇ ಅವು ಪೂರೈಸಿದ್ದು. ಲೈಬೀರಿಯಾದಂಥ ಪುಟ್ಟ ದೇಶದ ಧ್ವಜಕ್ಕೆ ಇಲ್ಲಿ ಇಷ್ಟು ತೂಕ ಯಾಕೆ ಅಂತ ಕೇಳಿಕೊಳ್ಳಿ. ನಿಮ್ಮ ಕೋರ್ಸಿನ ಹೆಸರಲ್ಲಿ ‘ನೀತಿ’ ಅನ್ನೋ ಪದ ಸುಮ್ನೆ ಇಲ್ಲ.

ಮಾರ್ಪೋಲ್ (ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಒಪ್ಪಂದ), ಸೋಲಾಸ್ (ಕಡಲಲ್ಲಿ ಜೀವರಕ್ಷಣೆಯ ಒಪ್ಪಂದ) ಓದುವವರಿಗೆ ತೊಂದರೆ ತಿರುಗಾಮುರುಗಾ. ಅಲ್ಲಿ ಸಾಕಷ್ಟು ದೇಶಗಳು ಗಡುವಿನೊಳಗೆ ಬೇಡ ಅನ್ನದಿದ್ದರೆ ತಾಂತ್ರಿಕ ತಿದ್ದುಪಡಿ ತಾನೇ ಜಾರಿಯಾಗುತ್ತದೆ. ಕಪಾಟಿನ ಹಳೇ ಪ್ರತಿಯನ್ನು ನಂಬಬೇಡಿ.

ಇಷ್ಟಾದರೂ ಇದೇ ಕೊನೆಯ ಮಾತು ಅಂತ ನಾನು ಹೇಳಲಾರೆ. ದೇಶ ತಕರಾರು ದಾಖಲಿಸಿರಬಹುದು. ಒಪ್ಪಂದಕ್ಕೆ ಸೇರದೆಯೂ ಅದೇ ನಿಯಮವನ್ನು ತನ್ನ ಕಾಯ್ದೆಯಲ್ಲಿ ಬರೆದುಕೊಂಡಿರಬಹುದು. ಪ್ರಕರಣ ನೋಡದೆ ಉತ್ತರ ಹೇಳಲಾಗದು.

ಆ ಹುಡುಗಿ ಎರಡು ದಿನ ಫೋನ್ ಮಾಡಲಿಲ್ಲ. ಬೇಜಾರಾಗಿದೆಯೇನೋ ಅಂದುಕೊಂಡೆ. ಮೂರನೇ ದಿನ ವಿಷಯವನ್ನೇ ಬದಲಿಸಿಕೊಂಡು ಬಂದಳು: ‘ಸಾರ್, ರಾಟರ್‌ಡ್ಯಾಮ್‌ಗೆ ಸಹಿ ಹಾಕಿದ ದೇಶಗಳೆಲ್ಲ ಯಾಕೆ ಅನುಮೋದಿಸಲಿಲ್ಲ, ಅದನ್ನೇ ಬರೀಲಾ?’ ಬರಿಯಮ್ಮ ಅಂದೆ.